ಗಾಳಕ್ಕ ಎಮ್ಮಿ, ಬಕೀಟಿಗೆ ಬಾಣಂತಿ

ಮೊದಲೇ ಹೇಳಿಬಿಡ್ತೀನ್ರಿ, ನಮ್ಮ ಮನ್ಯಾಗ ಮೀನು ತಿನ್ನಂಗಿಲ್ಲ. ತತ್ತಿನೂ ಇಲ್ಲ. ಬಿಸ್ಕೀಟ್ ಪುಡಾ ತಂದ್ರ ನಮ್ಮವ್ವ ಮೊದಲು ಚಷ್ಮಾ ಹಾಕ್ಕೊಂಡು ಹಸಿರು ಚುಕ್ಕಿ ಹುಡುಕ್ತಾಳ, ಆಮ್ಯಾಲೆ ಬಾಯಿಗೆ ಹಾಕ್ತಾಳ. ಇಂಥಾ ಮನ್ಯಾಗ ಹುಟ್ಟಿ ಬೆಳೆದು 42ನೇ ವಯಸ್ಸಿಗೆ ನಾನು ಆನ್‌ಲೈನ್‌ದಾಗ ಗಾಳದ ರಾಡು, ರೀಲು, ಒಂದು ಡಬ್ಬಿ ಕೊಂಡಿ ತರಿಸ್ದೆ ಅಂದ್ರ ಅದಕ್ಕ ಕಾರಣ ಮೀನಲ್ಲ, ಬಿಪಿ. "ವಾರಕ್ಕ ಒಮ್ಮೆರ ಫೋನ್ ಬಿಟ್ಟು ಎಲ್ಲ್ಯಾರ ಸುಮ್ಮ ಕೂಡ್ರಿ" ಅಂದಿದ್ರು ಡಾಕ್ಟ್ರು. ಕಲಬುರಗ್ಯಾಗ ಸುಮ್ಮ ಕೂಡೋದಂದ್ರ ಹುಡುಗಾಟ ಅಲ್ರಿ, ಚಾ ಅಂಗಡಿ ಮುಂದ ಕೂತ್ರ ರಾಜಕೀಯ, ಗುಡಿ ಕಟ್ಟಿ ಮ್ಯಾಲ ಕೂತ್ರ ಯಾರದರೆ ಮಗಳ ಲಗ್ನದ ಮಾತು, ಮನ್ಯಾಗ ಕೂತ್ರ "ಸುಮ್ಮ ಕುಂತೀರಲ್ಲ, ಈ ಬಳ್ಳೊಳ್ಳಿ ಬಿಡಸ್ರಿ". ಕೈಯಾಗೊಂದು ಕೋಲು ಹಿಡ್ಕೊಂಡು ನೀರಿನ ಮುಂದ ಕೂತವನಿಗೆ ಮಾತ್ರ ಯಾಕ ಕೂತಿ ಅಂತ ಯಾರೂ ಕೇಳಂಗಿಲ್ಲ ಅಂತ ನಾ ತಿಳಕೊಂಡಿದ್ದೆ.

ಹೆಂಡ್ತಿ ಪೈಲಾ ದಿನನೇ ಕೇಳಿದ್ಲು, "ಸಿಕ್ರ ಏನ್ ಮಾಡ್ತೀರಿ?"

ಖರೇ ಹೇಳ್ತೀನಿ, ಆ ವಿಚಾರ ನನ್ನ ತಲ್ಯಾಗ ಬಂದೇ ಇರ್ಲಿಲ್ಲ. "ತಿರಗಿ ನೀರಿಗೆ ಬಿಡ್ತೀನಿ, ಫಾರಿನ್‌ದಾಗ ಇದಕ್ಕ ಕ್ಯಾಚ್ ಅಂಡ್ ರಿಲೀಸ್ ಅಂತಾರ" ಅಂದೆ.

"ಹಂಗಾರ ಹೋದ ವರ್ಷ ಚೀಟಿಗೆ ಕಟ್ಟಿದ ರೊಕ್ಕನೂ ಕ್ಯಾಚ್ ಅಂಡ್ ರಿಲೀಸ್ ಏನ್ರಿ?" ಅಂದ್ಲು. ನಾ ರಾಡ್ ಒರೆಸ್ಕೋತ ಕೂತೆ.

ಹಂಗ ನೋಡಿದ್ರ ಮೀನಿಗೂ ನನಗೂ ಹಳೇ ನಂಟು ಅದ. ಸಣ್ಣವ ಇದ್ದಾಗ ನನಗ ದಮ್ಮು. ಜೂನ್‌ದಾಗ ಮಿರಗ ಕೂಡೋ ಹೊತ್ತಿಗೆ ಹೈದರಾಬಾದಿನ್ಯಾಗ ಬತ್ತಿನಿ ಮನೆತನದವರು ಮೀನಿನ ಔಷಧಿ ಕೊಡ್ತಾರಲ್ಲ, ಜೀವಂತ ಮುರಲ್ ಮರಿ ಬಾಯಾಗ ಹಳದಿ ಔಷಧಿ ಇಟ್ಟು ಹಂಗೇ ಗಂಟಲಕ್ಕ ಇಳಿಸೋದು, ಅಲ್ಲಿಗೆ ಅಪ್ಪ ನನ್ನ ರೈಲಿನ್ಯಾಗ ಕರಕೊಂಡು ಹೋಗಿದ್ದ. ನಾವು ಶಾಕಾಹಾರಿ ಅಂದಿದ್ದಕ್ಕ ನನಗ ಬೆಲ್ಲದಾಗ ಇಟ್ಟು ಕೊಟ್ರು. ಆದ್ರ ಬಾಜೂಕ ನನ್ನಷ್ಟೇ ಹುಡುಗೊಬ್ಬ ಗುಳಕ್ ಅಂತ ಮೀನು ನುಂಗಿ ನನ್ನ ಕಡಿ ನೋಡಿ ನಕ್ಕಿದ್ದು ಇವತ್ತಿಗೂ ಕಣ್ಣಾಗ ಅದ. (ಆ ಔಷಧಿಯಿಂದ ದಮ್ಮು ಹೋಗ್ತದ ಅಂಬೋದಕ್ಕ ಡಾಕ್ಟರಕಿ ಪುರಾವೆ ಏನೂ ಇಲ್ಲ, ನಂದು ಕಮ್ಮಿ ಆಗಿದ್ದು ಇನ್ಹೇಲರ್‌ದಿಂದ.) ದೊಡ್ಡವ ಆದ ಮ್ಯಾಲ ಓದಿದೆ, ಮುರಲ್‌ಗೆ ಕಿವಿರು ಅಲ್ಲದೇ ತಲಿಯೊಳಗ ಗಾಳಿ ತಗೊಳ್ಳೋ ಸಣ್ಣ ಖೋಲಿನೇ ಅದಂತ, ಹಂಗಾಗಿ ಅದು ಆಗಾಗ ನೀರಿನ ಮ್ಯಾಲ ಬಂದು ನಮ್ಮಂಗ ಗಾಳಿ ನುಂಗಲೇಬೇಕು, ಮ್ಯಾಲ ಬರೋಕ ಬಿಡದೇ ಇದ್ರ ನೀರಾಗಿದ್ದೂ ಮುಳುಗಿ ಸಾಯ್ತದ! ಒಂದು ಉಸಿರಿಗೇ ಒದ್ದಾಡೋ ಹುಡುಗನ ಹೊಟ್ಟಿಗೆ ಎರಡೆರಡು ಉಸಿರಿನ ಪ್ರಾಣಿ.

ಇನ್ನೊಂದು ಮಾತು, ಮನ್ಯಾಗ ಬೈದಾಗೆಲ್ಲ ನಾ ಎತ್ತಿ ಹೇಳೋದು. ಗಾಳ ಹಾಕೋದು ಪೋಲಿ ಹುಡುಗರ ಕೆಲಸ ಅಲ್ರಿ. ನಮ್ಮ ಬೀದರ್ ಜಿಲ್ಲಾದ ಬಸವಕಲ್ಯಾಣ ಅದಲ್ಲ, ಅದು ರಾಜಧಾನಿ ಇದ್ದಾಗ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಸಂಸ್ಕೃತದಾಗ ಮಾನಸೋಲ್ಲಾಸ ಅಂತ 100 ಅಧ್ಯಾಯದ ಗ್ರಂಥ ಬರೆದಾನ, ಅದರಾಗ ಆನಿ, ಕುದುರಿ, ಅಡಗಿ, ಸಂಗೀತದ ಸಾಲಿನ್ಯಾಗ ಮತ್ಸ್ಯವಿನೋದ ಅಂತ ಒಂದು ಅಧ್ಯಾಯನೇ ಇಟ್ಟಾನ. ಯಾವ ಮೀನು, ಅದಕ್ಕ ಯಾವ ಎರಿ, ಕೋಲು ಎಂಥಾದ್ದು, ದಾರ ಎಂಥಾದ್ದು, ಎಲ್ಲಾ. ರಾಜನೇ ಮಾಡ್ಯಾನ ಅಂದ ಮ್ಯಾಲ ಕ್ಲರ್ಕ್ ಮಾಡಿದ್ರ ಏನಾತು? "ರಾಜಗ ಬಳ್ಳೊಳ್ಳಿ ಬಿಡಸ್ಲಿಕ್ಕಿ ಬ್ಯಾರೆ ಮಂದಿ ಇದ್ರು" ಅಂತ ಉತ್ತರ ಬಂತು.

ಇರ್ಲಿ. ಮೊದಲನೇ ಸಲ ಹೋಗಿದ್ದು ಏಪ್ರಿಲ್‌ದಾಗ, ಐತವಾರ, ಊಟ ಮುಗಿಸಿಕೊಂಡು ಮಧ್ಯಾಹ್ನ 1 ಗಂಟೆಕ್ಕ, 42 ಡಿಗ್ರಿ ಬಿಸಲಾಗ. ಜೋಡಿಗೆ ನಮ್ಮ ಷಡ್ಡಕ, ಆತ ಬಂದಿದ್ದು ಸೆಲ್ಫಿ ಸಲುವಾಗಿ. ಆಫೀಸಿನ್ಯಾಗ ಭೀಮಾ ದಂಡಿ ಊರಿನ ಹಿರಿಯರೊಬ್ಬರು ಹೇಳಿಕೊಟ್ಟಿದ್ರು, "ಕಾಟ್ಲಾ, ರೋಹುಗೆ ಹುಳ ಯಾಕ ಬೇಕು, ಶೇಂಗಾ ಹಿಂಡಿ ನಾದಿ ಉಂಡಿ ಮಾಡಿ ಹಾಕ್ರಿ, ಮಸ್ತ್ ಬರ್ತಾವ". ಶೇಂಗಾ ಹಿಂಡಿ ನಮ್ಮ ಮನ್ಯಾಗ ಇಲ್ದೇ ಇರೋ ದಿನನೇ ಇಲ್ಲ! ಡಬ್ಬಿ ತುಂಬ ಇತ್ತು. ತಗೊಂಡು ಹೋದೆ, ನೀರು ಹಾಕಿ ನಾದಿದೆ, ಉಂಡಿ ಮಾಡಿದೆ, ಕೊಂಡಿಗೆ ಚುಚ್ಚಿದೆ, ಬೆರಳಿನ ತುದಿ ಚುರುಚುರು ಅಂತಿದ್ರೂ ತಲಿಗೆ ಏನೂ ಹೊಳಿಲಿಲ್ಲ.

ಎರಡು ತಾಸು ಬೆಂಡು ಅಳ್ಳಾಡ್ಲಿಲ್ಲ.

ಕೆರಿ ದಂಡಿ ಬೇವಿನ ಗಿಡದ ಬುಡಕ್ಕ ಬಲಿ ಹೆಣೀಲತ್ತಿದ್ದ ಒಬ್ಬ ಮುತ್ಯಾ ಅಷ್ಟೊತ್ತೂ ನಮ್ಮನ್ನೇ ನೋಡಕೋತ ಇದ್ದ. ಕಡೀಕ ಎದ್ದು ಬಂದ. "ಏನ್ ಹಾಕೀದಿ ತಮ್ಮಾ?" ನಾ ಡಬ್ಬಿ ತೋರಿಸ್ದೆ. ಒಂದು ಚಿಟಿಗಿ ತಗೊಂಡು ಬಾಯಿಗೆ ಹಾಕ್ಕೊಂಡ, ಚಪ್ಪರಿಸಿದ, ಸ್ವಲ್ಪ ಹೊತ್ತು ವಿಚಾರ ಮಾಡಿದ, "ಉಪ್ಪು ಜರಾ ಕಮ್ಮಿ ಆಗ್ಯಾದ ನೋಡು" ಅಂದ.

ಹಿರಿಯರು ಹೇಳಿದ್ದು ಗಾಣದ ಹಿಂಡಿ, ಎಣ್ಣಿ ತಗದ ಮ್ಯಾಲ ಉಳಿಯೋದು, ದನಕ್ಕ ಹಾಕ್ತಾರಲ್ಲ ಅದು. ನಾ ಒಯ್ದಿದ್ದು ಹೆಂಡ್ತಿ ಬಳ್ಳೊಳ್ಳಿ, ಕೆಂಪು ಖಾರ ಹಾಕಿ ಕುಟ್ಟಿದ್ದು, ರೊಟ್ಟಿಗೆ ಹಚಗೊಳ್ಳೋದು. ಆ ಬಳ್ಳೊಳ್ಳಿ ಬಿಡಿಸಿದವನೂ ನಾನೇ. ಇದಕ್ಕಿಂತ ಕೆಟ್ಟ ಸುದ್ದಿ ಆಮ್ಯಾಲೆ ಗೊತ್ತಾತು. ಮೀಸಿ ಇರೋ ಮೀನಿನ ಜಾತಿ, ಕ್ಯಾಟ್‌ಫಿಶ್ ಅಂತಾರಲ್ಲ, ಅವಕ್ಕ ರುಚಿ ಗೊತ್ತಾಗೋದು ಬಾಯಾಗ ಅಷ್ಟೇ ಅಲ್ಲಂತ, ಮೀಸಿ, ಹೊಟ್ಟಿ, ಬಾಲ, ಮೈ ತುಂಬ ರುಚಿ ಮೊಗ್ಗು ಇರ್ತಾವಂತ. ಅಂದ್ರ ಮೈಯೆಲ್ಲಾ ನಾಲಿಗಿ ಇದ್ದ ಪ್ರಾಣಿ ಈಜಾಡೋ ಕೆರಿಯೊಳಗ ನಾ ಅರ್ಧ ಕಿಲೋ ಖಾರ ಕಲಿಸಿ ಬಂದಿದ್ದೆ. ಉಳಿದ ಹಿಂಡಿನ ಮುತ್ಯಾ, ನಾನು, ಷಡ್ಡಕ ಮೂವರೂ ಕೂಡಿ ಮುತ್ಯಾನ ಕಡಕ್ ರೊಟ್ಟಿ ಜೋಡಿ ತಿಂದ್ವಿ. ಅವತ್ತಿನ ಬೇಟಿ ಅಷ್ಟೇ.

ತಿನ್ಕೋತನೇ ಮುತ್ಯಾ ನನ್ನ ಉಳಿದ ತಪ್ಪೂ ಎಣಿಸ್ದ. ಮಧ್ಯಾಹ್ನ ಬರಬಾರದು. ನೀರು ಕಾದ್ರ ಮೀನಿನ ಮೈನೂ ಕಾಯ್ತದ, ಕಾದ ನೀರಿನ್ಯಾಗ ಗಾಳಿ ಕಮ್ಮಿ, ಅವು ಆಳಕ್ಕ ಹೋಗಿ ಇಲ್ಲಾ ನೆರಳಿಗೆ ಹೋಗಿ ಬಿದ್ದಿರ್ತಾವ. (ಕಲಬುರಗಿ ಮಂದಿ ಮೇ ತಿಂಗಳದಾಗ ಮಾಡೋದೂ ಇದೇ.) ಇನ್ನು ಬೆಂಡು ಎಷ್ಟು ಆಳಕ್ಕ ಕಟ್ಟಬೇಕು ಅಂದ್ರ ಮೀನಿನ ಬಾಯಿ ನೋಡಬೇಕಂತ, ಕಾಟ್ಲಾನ ಬಾಯಿ ಮ್ಯಾಲಕ್ಕ ತಿರಗಿರ್ತದ, ಅದು ಮ್ಯಾಲಿನ ನೀರಾಗೇ ತಿಂತದ, ರೋಹು ನಡಬರಕ, ಮೃಗಾಲ್ ಬಾಯಿ ಕೆಳಕ್ಕ, ಅದಕ್ಕ ತಳದ ಕೆಸರೇ ತಾಟು. ಒಂದೇ ಕೆರಿ, ಮೂರು ಅಂತಸ್ತು, ಬಾಡಿಗಿ ಜಗಳ ಇಲ್ಲ. ಮತ್ತ ಷಡ್ಡಕ ಮೊಬೈಲ್‌ದಾಗ ಡಿಜೆ ಹಾಡು ಹಚ್ಚಿ ಫೋನ್ ಕಲ್ಲಿನ ಮ್ಯಾಲ ಇಟ್ಟಿದ್ನಲ್ಲ, ಅದೂ ತಪ್ಪು. ಈ ಜಾತಿ ಮೀನಿಗೆ ಹೊಟ್ಟಿ ಒಳಗಿನ ಗಾಳಿ ಚೀಲದಿಂದ ಕಿವಿ ತನಕ ಸಣ್ಣ ಸಣ್ಣ ಎಲುಬಿನ ಸರಪಳಿ ಇರ್ತದ, ಸಪ್ಪಳ ಛಲೋ ಕೇಳಸ್ತದ. ಇದು ಪುಸ್ತಕದ ಮಾತು, ಮುತ್ಯಾ ಹೇಳಿದ್ದು ಇಷ್ಟೇ, "ಅವಕ್ಕ ಕಿವಿ ಕಾಣಸಂಗಿಲ್ಲ, ಆದ್ರ ನಿಮ್ಮಂಗ ಕಿವುಡಲ್ಲ".

ಕೆರಿ ಅವರ ಸಂಘದವರು ಟೆಂಡರ್ ಹಿಡಿದದ್ದು, ಕೇಳದೇ ಗಾಳ ಹಾಕೋದು ಖರೇ ಅಂದ್ರ ತಪ್ಪು. ನಾ ಗಾಬರಿ ಆಗಿ ಮಾಫಿ ಕೇಳ್ದೆ. "ನೀ ಹಾಕೋ ತಮ್ಮಾ, ನಿನ್ನಿಂದ ನಮಗೇನೂ ಲುಕ್ಸಾನ್ ಇಲ್ಲ" ಅಂದ ಮುತ್ಯಾ.

ಎರಡನೇ ಸಲ ಬುದ್ಧಿ ಬಂದಿತ್ತು, ನಸುಕಿನ್ಯಾಗೇ ಹೋದೆ, ಒಬ್ಬನೇ, ಗಾಣದ ಹಿಂಡಿ ತಗೊಂಡು. ಬೆಳಕು ಹರೀಲತ್ತಿತ್ತು, ನೋಡ್ತೀನಿ, ನೂರಾರು ಮೀನು ನೀರಿನ ಮ್ಯಾಲ ಬಂದು ಬಾಯಿ ತಗದು ಪಕಪಕ ಅನ್ಲತ್ತಾವ! ಹಸ್ಕೊಂಡಾವ ಅಂತ ನನಗ ಕುಣಿಯೋದೊಂದು ಬಾಕಿ. ಮೂಗಿನ ಮುಂದ ಉಂಡಿ ಒಗದೆ. ಮುಟ್ಲಿಲ್ಲ. ಮುತ್ಯಾ ಬಲಿ ಎಳೀಕೋತ ಹೇಳ್ದ, "ಉಣ್ಲಿಕ್ಕಿ ಅಲ್ಲೋ, ಉಸರಿಗಿ ಬಾಯಿ ಬಿಡ್ಲತ್ತಾವ". ಹಗಲೊತ್ತು ನೀರಿನ ಪಾಚಿ ಬಿಸಲಿಗೆ ಆಕ್ಸಿಜನ್ ಮಾಡ್ತದ, ರಾತ್ರಿ ಪಾಚಿನೂ ಉಸಿರಾಡಿ ಅದನ್ನೇ ಖರ್ಚು ಮಾಡ್ತದ, ಹಂಗಾಗಿ ಹೊತ್ತು ಹೊಂಡೋ ಮುಂಚೆ ನೀರಾಗ ಆಕ್ಸಿಜನ್ ಎಲ್ಲಕ್ಕಿಂತ ಕಮ್ಮಿ, ಅದರಾಗ ಬ್ಯಾಸಗಿ ಪಾಚಿ ಕೆರಿ. ಉಸಿರು ಕಟ್ಟಿದವರ ಬಾಯಾಗ ನಾ ಉಂಡಿ ತುರುಕ್ಲತ್ತಿದ್ದೆ. ಬಿಸಲು ಬಿದ್ದು ಒಂದು ತಾಸು ಆಗ್ಲಿ ಅಂತ ಕೂತೆ.

ಆ ಒಂದು ತಾಸಿನ್ಯಾಗೇ ಎಮ್ಮಿ ಬಂದಿದ್ದು. ನನಗ ಮಾತ್ರ ಬಂದಿದ್ದು ಗೊತ್ತಾಗ್ಲಿಲ್ಲ. ನೀರಿನ ನಡಬರಕ ಕರಿ ಕಲ್ಲಿನ ಮೂಲಿ ಅಷ್ಟೇ ಕಾಣ್ಲತ್ತಿತ್ತು, ಕಲ್ಲಿನ ಬಾಜೂಕ ಮೀನು ನಿಲ್ತಾವ ಅಂತ ವಿಡಿಯೋದಾಗ ಕೇಳಿದ್ದೆ, ಅದು ಖರೇನೂ ಹೌದು. ರಾಡ್ ಹಿಂದಕ ಒಯ್ದು ಜೋರಲೆ ಬೀಸಿದೆ, ಜೀವನದಾಗ ಮೊದಲನೇ ಸಲ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು, ತಂಗೂಸ್ ಬಿಗೀತು, ರೀಲು ಜುಂಯ್ ಅಂತ ಬಿಚ್ಚಿಕೋತ ಹೊಂಟಿತು. "ಮುತ್ಯಾ! ದೊಡ್ಡದು! ಬಾಳಿ ಮೀನು ಇರಬೇಕು!" ಅಂತ ಒದರಿದೆ. ಆಗ ಕಲ್ಲು ಎದ್ದು ನಿಂತು ಕಿವಿ ಝಾಡಿಸ್ತು.

ಕೊಂಡಿ ಅದರ ಕೊರಳ ಹಗ್ಗಕ್ಕ ಸಿಕ್ಕಿತ್ತು. ಎಮ್ಮಿಗೆ ಏನೂ ಆಗಿರ್ಲಿಲ್ಲ, ಏನೂ ಆಗಿಲ್ಲದಂಗೇ ಆ ಕಡಿ ದಂಡಿಗೆ ನಡೀತು, ರಾಡ್ ಬಿಡಬಾರದಂತ ನಾನೂ ಹಿಂದ ನಡದೆ, ಮೊಳಕಾಲ ತನಕ, ನಡದ ತನಕ. (ಕೃಷ್ಣಾ, ಭೀಮಾ ದಂಡಿಗೆ ಹೋಗವರು ಹಿಂಗ ನೀರಿಗೆ ಇಳಿಬ್ಯಾಡ್ರಿ, ಅಲ್ಲಿ ಮೊಸಳಿ ಅವ.) ದಂಡಿ ಮ್ಯಾಲ ಎಮ್ಮಿ ಒಡತಿ ನಿಂತಿದ್ಲು. "ಯವ್ವಾ, ನನ್ನ ಎಮ್ಮಿಗಿ ಯಾವನೋ ಗಾಳ ಹಾಕ್ಯಾನ ನೋಡ್ರೇ! ನಿನ್ನ ಕೈ ಸೇದ್ಹೋಗ್ಲಿ, ಮೀನು ಸಿಗಲಿಲ್ಲಂತ ಎಮ್ಮಿ ಹಿಡಿತೀಯೇನೋ?" ಮುತ್ಯಾ ಕುಡಗೋಲಿಲೆ ತಂಗೂಸ್ ಕೊಯ್ದ. ಸಂಜಿಗೆ ಎಮ್ಮಿ ಹಾಲು ಕೊಡಲಿಲ್ಲಂದ್ರ ಮನಿ ತನಕ ಬರ್ತೀನಿ ಅಂದ್ಲು ಆಯಿ, 200 ರೂಪಾಯಿ ದೃಷ್ಟಿ ತಗಿಯೋ ಖರ್ಚು ಅಂತ ಕೊಟ್ಟು ಪಾರಾದೆ.

ತೊಯ್ದ ಪ್ಯಾಂಟಿನ್ಯಾಗ ಕೂತ ನನ್ನ ನೋಡಿ ಮುತ್ಯಾಗ ಮರುಕ ಬಂತೋ ಏನೋ, ಬಲಿಯೊಳಗಿಂದ ಅಂಗೈ ಅಷ್ಟು ಒಂದು ಮೀನು ತಗದು ನನ್ನ ಬಕೀಟಿನ ನೀರಿಗೆ ಬಿಟ್ಟ. "ಜಿಲೇಬಿ ಅದ, ಒಯ್ಯಿ. ಮಕ್ಕಳು ನೋಡ್ತಾವ." ಬ್ಯಾಡ ಅನ್ಲಿಕ್ಕಿ ಬಾಯಿ ಬರ್ಲಿಲ್ಲ. ಮನೀಗಿ ಫೋನ್ ಹಚ್ಚಿದೆ, "ಎಮ್ಮಿ ಕತಿ ಆಮ್ಯಾಲೆ ಹೇಳ್ತೀನಿ, ಮುತ್ಯಾ ಜಿಲೇಬಿ ಕೊಟ್ಟಾನ, ತರ್ಲತ್ತೀನಿ" ಅಂದೆ.

ಮನಿ ಮುಂದ ಬೈಕ್ ನಿಲ್ಸೋದ್ರಾಗ ಇಬ್ಬರೂ ಮಕ್ಕಳು ತಾಟು ಹಿಡ್ಕೊಂಡು ನಿಂತಿದ್ವು.

ಜಿಲೇಬಿ ಅಂದ್ರ ತಿಲಾಪಿಯಾ. ಆಫ್ರಿಕಾದ ಮೀನು, 1952ರಾಗ ನಮ್ಮ ದೇಶಕ್ಕ ತಂದ್ರು, ಆಮ್ಯಾಲೆ ಅದು ಯಾರ ಮಾತೂ ಕೇಳದೇ ಕಂಡ ಕೆರಿಯೆಲ್ಲಾ ತುಂಬ್ಕೊಂಡು ನಮ್ಮ ಮೀನಿನ ಜಾಗಾ ತಿಂತು. ಇದನ್ನ ಇನ್ನೊಂದು ಕೆರಿಗೆ, ಬಾವಿಗೆ ಒಯ್ದು ಬಿಡಬಾರದು ಅಂತ ನಾ ಮಕ್ಕಳಿಗೆ ಪಾಠ ಸುರು ಮಾಡಿದ್ದೆ, ಮಗಳು ತಾಟು ಕೆಳಗ ಇಟ್ಟು ಬಕೀಟಿನ್ಯಾಗ ಹಣಿಕಿ ಹಾಕಿ "ಪಪ್ಪಾ, ಇದು ಮರಿ ಉಗುಳ್ಲತ್ತದ" ಅಂದ್ಲು.

ಖರೇನೇ. ಸಾಸವಿ ಕಾಳಿಗೆ ಕಣ್ಣು ಬಂದಂಗ ಮರಿ. ಒಂದು, ಹತ್ತು, 60 ತನಕ ಎಣಿಸಿದೆ, ಆಮ್ಯಾಲೆ ತಪ್ಪಿತು. ಈ ಜಾತಿ ತಾಯಿ ತತ್ತಿನ ಬಾಯಾಗೇ ಇಟ್ಕೊಂಡು ಮರಿ ಮಾಡ್ತದ, ಮರಿ ಈಜೋ ತನಕ ಎರಡು ಮೂರು ವಾರ ತಾನು ಉಣ್ಣಂಗಿಲ್ಲ. ಹಂಗಾಗೇ ಅದು ಗಾಳಕ್ಕಲ್ಲ, ಬಲಿಗೆ ಸಿಕ್ಕಿದ್ದು. ಬಕೀಟಿನ ಮ್ಯಾಲ ಮಗಳ ತಲಿ ನೆರಳು ಬಿದ್ದಿದ್ದೇ ತಡ, ಹೊರಗ ಬಂದ ಮರಿಯೆಲ್ಲಾ ಗಡಬಡಿಸಿ ತಿರಗಿ ತಾಯಿ ಬಾಯಿ ಕಡಿ ಹೊಂಟ್ವು, ಸಿಟಿ ಬಸ್ ಬಾಗಿಲಿನ್ಯಾಗ ಮಂದಿ ತುರುಕಿಕೊಂಡಂಗ.

"ಒಂದೂ ಹಿಡೀಲಿಲ್ಲ ಅಂದ್ರಿ," ಹೆಂಡ್ತಿ ಅಂದ್ಲು, "ಇಲ್ಲಿ ನೋಡಿದ್ರ ಸಂಸಾರನೇ ಬಂದದ."

ಇಷ್ಟೊತ್ತಿಗೆ ಅವ್ವ ಬಂದ್ಲು. ಮನ್ಯಾಗ ಮೀನು! ಬಕೀಟು ಮಡಿ ನೀರಿಂದು ಬ್ಯಾರೆ! ನಾ ಕಣ್ಣು ಮುಚ್ಚಿ ನಿಂತೆ. ಅವ್ವ ಚಷ್ಮಾ ಹಾಕ್ಕೊಂಡು ಬಗ್ಗಿ ಭಾಳ ಹೊತ್ತು ನೋಡಿದ್ಲು, ಹಸಿರು ಚುಕ್ಕಿ ಹುಡುಕ್ತಾಳೇನೋ ಅಂತ ನನಗ ಅನಿಸ್ತು. "ಏನೂ ಉಣ್ಣಂಗಿಲ್ಲ ಅಂದೆಲ್ಲ, ಎಷ್ಟು ದಿನ?" "ಮೂರು ವಾರರೆ ಆಗ್ತದ ಅವ್ವಾ." ಶ್ರಾವಣದ ನಾಕು ಸೋಮವಾರ ಒಪ್ಪತ್ತು ಮಾಡಿ ಊರಿಗೆಲ್ಲಾ ಹೇಳ್ಕೋತ ತಿರಗೋ ಅವ್ವ ಸ್ವಲ್ಪ ಹೊತ್ತು ಸುಮ್ಮಾದ್ಲು. "ಬಾಣಂತಿ ಅದ. ಬಿಸಲಿಗಿ ಇಡಬ್ಯಾಡ. ಹಿತ್ತಲ ಟಾಕಿಗೆ ಬಿಡು, ಮುಂದಿಂದು ಮುಂದ ನೋಡಮು" ಅಂದು ಒಳಗ ಹೋದ್ಲು.

ಮುಂದಿಂದು ಈಗ ನೋಡ್ಲತ್ತೀವಿ. ಟಾಕ್ಯಾಗ ಸೊಳ್ಳಿ ಹುಳ ಒಂದೂ ಇಲ್ಲ, ಅದೊಂದು ಛಲೋ ಆತು. ಆದ್ರ ಎಮ್ಮಿ ಮಾಡಿದ ಅವಮಾನದ ನಂತರ ರಾಡ್ ಅಟ್ಟದ ಮ್ಯಾಲ ಇಟ್ಟೀನಿ, ಮೀನು ಹಿಡಿಯೋದು ಮಾತ್ರ ಬಿಟ್ಟಿಲ್ಲ. ದಿನಾ ಮುಂಜಾನಿ ಅವ್ವ ಜಳಕಕ್ಕ ನೀರು ತುಂಬೋಕಿಂತ ಮೊದಲು ಹಿತ್ತಲದಾಗ ಟಾಕಿ ದಂಡಿ ಮ್ಯಾಲ ಕೂಡ್ತೀನಿ, ಚಾ ಸೋಸೋ ಜಾಳಗಿ ಹಿಡ್ಕೊಂಡು, ಬಕೀಟಿನ ನೀರಿನ್ಯಾಗ ಒಂದು ಮರಿನೂ ಉಳಿಬಾರದು ಅಂತ ಅವ್ವನ ಆರ್ಡರ್. ಸಿಕ್ಕಿದ್ದೆಲ್ಲಾ ತಿರಗಿ ಟಾಕಿಗೆ ಬಿಡ್ತೀನಿ. ಸರಾಸರಿ 20 ಮರಿ ಸಿಗ್ತಾವ. ಚಾ ಸೋಸಲಿಕ್ಕಿ ಹೆಂಡ್ತಿ ಹೊಸಾ ಜಾಳಗಿ ತಂದಾಳ.