ಹಳೇ ಕೋವಿಗೆ ಪಾಲಿಶ್ ಯಾಕೆ?

ನಮ್ಮ ಚಿತ್ರದುರ್ಗದ ಕಡೆ ಹಳೇ ಸಾಮಾನು ಹಳೇದಾಗಿಯೇ ಉಳಿಯುವುದು ಕಷ್ಟ. ಆಯುಧ ಪೂಜೆ ಬಂತೆಂದರೆ ನೇಗಿಲು, ತಕ್ಕಡಿ, ಟ್ರ್ಯಾಕ್ಟರ್, ಕೊನೆಗೆ ಬಾಗಿಲ ಚಿಲಕಕ್ಕೂ ಒಂದು ಕೈ ಪೇಂಟು ಬೀಳುತ್ತದೆ. ಹೀಗಿರುವಾಗ ಹೊಳಲ್ಕೆರೆ ಕಡೆಯ ತೋಟದ ಮನೆಯಲ್ಲಿ ದೊಡ್ಡಪ್ಪನ ಜೋಡಿ ನಳಿಗೆಯ ಕೋವಿ ಹುಟ್ಟಿದ ಬಣ್ಣದಲ್ಲೇ ಉಳಿದಿರುವುದನ್ನು ಪವಾಡವೆಂದೇ ಹೇಳಬೇಕು. ವರ್ಷಕ್ಕೊಂದು ಕುಂಕುಮದ ಬೊಟ್ಟು, ಮರುದಿನ ಅದನ್ನೂ ಒಣಬಟ್ಟೆಯಲ್ಲಿ ಒರೆಸಿಬಿಡುತ್ತಾರೆ.

ಈಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆಗಳು, ಅಂದರೆ ಕುದುರೆಗಳೆರಡೂ ಹೊರಗೇ ಕಾಣುವ, ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಹನ್ನೆರಡು ಬೋರಿನ ಕೋವಿ. ಬೋರಿನ ಲೆಕ್ಕವೇ ತಮಾಷೆ: ಒಂದು ಪೌಂಡ್ ಸೀಸದಲ್ಲಿ ಸರಿಸಮನಾಗಿ 12 ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ, ನಳಿಗೆಯ ಬಾಯಿ ಅಷ್ಟು. ಹಾಗಾಗಿ ಹದಿನಾರು ಬೋರು ಹನ್ನೆರಡಕ್ಕಿಂತ ಸಣ್ಣದು. ಇದನ್ನು ಒಪ್ಪದೆ ವಾದ ಮಾಡುವ ನೆಂಟರು ಪ್ರತಿ ಮದುವೆಯಲ್ಲೂ ಒಬ್ಬರು ಸಿಗುತ್ತಾರೆ.

ನನಗೆ ಆಸೆ ಹುಟ್ಟಿಸುವುದು ಅದರ ನಳಿಗೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಕಂದು ಮೈಮೇಲೆ ಸಣ್ಣ ಸಣ್ಣ ಸುರುಳಿಗಳು ಸಾಲಾಗಿ ಏಳುತ್ತವೆ. ಯಾರೂ ಕೆತ್ತಿದ್ದಲ್ಲ, ಬರೆದದ್ದೂ ಅಲ್ಲ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಕೂಡಿಸಿ ಕಾಯಿಸಿ, ಹುರಿ ಮಾಡಿ, ಪಟ್ಟಿಯಾಗಿ ತಟ್ಟಿ, ಒಂದು ಸಲಾಕೆಗೆ ಸುತ್ತಿ ಬೆಸೆದ ನಳಿಗೆ ಇದು, ಡಮಾಸ್ಕಸ್ ಅನ್ನುತ್ತಾರೆ. ಕೊನೆಗೆ ಬೇಕೆಂದೇ ಹದವಾಗಿ ತುಕ್ಕು ಹಿಡಿಸುತ್ತಾರೆ. ಕಬ್ಬಿಣ ಒಂದು ಥರ, ಉಕ್ಕು ಇನ್ನೊಂದು ಥರ ಬಣ್ಣ ತಿರುಗುವುದರಿಂದ ಚಿತ್ತಾರ ಮೂಡುತ್ತದೆ. ಅಂದರೆ ಈ ಚೆಂದವೆಲ್ಲ ತುಕ್ಕಿನದೇ! ಎಮರಿ ಕಾಗದ ಹಿಡಿದು ಬರುವ ಮಹಾಶಯರಿಗೆ ಇದನ್ನು ತಿಳಿಸಿ ಹೇಳುವವರು ಯಾರು?

ಕೋವಿಯ ಚರಿತ್ರೆ ತಿಳಿಯಲು ನಾನು ಮೊದಲು ನೋಡುವುದು ಸ್ಕ್ರೂಗಳನ್ನು. ಒಳ್ಳೆಯ ಕಸುಬುದಾರ ಕೂರಿಸಿದ ಸ್ಕ್ರೂಗಳ ಗೀರುಗಳು ನಳಿಗೆಯ ಉದ್ದಕ್ಕೇ ಸಾಲಾಗಿ ನಿಂತಿರುತ್ತವೆ. ಗೀರಿನ ಅಂಚು ಹರಿದಿದ್ದರೆ ಸೈಕಲ್ ಶಾಪಿನ ಸ್ಕ್ರೂಡ್ರೈವರ್ ಒಳಗೆ ಹೋಗಿ ಬಂದಿದೆ ಎಂದೇ ಅರ್ಥ. ಆಮೇಲೆ ನಳಿಗೆಗಳನ್ನು ಬಿಚ್ಚಿ, ಕೊಂಡಿಯಿಂದ ತೂಗುಬಿಟ್ಟು ಬೆರಳಲ್ಲಿ ತಟ್ಟಬೇಕು. ಬೆಸುಗೆ ಗಟ್ಟಿಯಿದ್ದರೆ ಗಂಟೆಯ ಹಾಗೆ ಅನುರಣಿಸುತ್ತದೆ. ಬಿಟ್ಟಿದ್ದರೆ ಮಂಕು ದನಿ.

ಇಷ್ಟೆಲ್ಲ ಇದ್ದರೂ ಅದರಲ್ಲಿ ಈಡು ಹೊಡೆಯುವ ಹಾಗಿಲ್ಲ. ಅದು ಕರಿಮದ್ದಿನ ಕಾಲದ ನಳಿಗೆ. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ತುಂಬಿದರೆ ಸೀಳಿ ಕೈಬೆರಳು ಹೋದೀತು. ಕರಿಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ನಮ್ಮ ಕೋಟೆಯಲ್ಲಿ ಅದನ್ನು ಅರೆಯುತ್ತಿದ್ದ ದೈತ್ಯ ಬೀಸುಕಲ್ಲುಗಳು ಗುಂಡಿಯಲ್ಲಿ ಇನ್ನೂ ಇವೆ. ಪುಣ್ಯಕ್ಕೆ ಅವಕ್ಕೆ ಯಾರೂ ಪೇಂಟು ಬಳಿದಿಲ್ಲ. ಹೊಡೆಯದ ಕೋವಿಗೂ 1959ರ ಕಾಯ್ದೆಯಡಿ ಲೈಸೆನ್ಸ್ ನವೀಕರಿಸಬೇಕು, ಚುನಾವಣೆ ಬಂದಾಗ ಠಾಣೆಯಲ್ಲಿಟ್ಟು ಬರಬೇಕು.

ಹೋದ ಸಲ ಅಣ್ಣ, ದೊಡ್ಡಪ್ಪನ ಹಿರಿಮಗ, ಪೇಟೆಯಿಂದ ಬಡಗಿಯನ್ನು ಕರೆತಂದಿದ್ದ. "ಅಕ್ರೋಟು ಮರದ ಹಿಡಿ ಉಜ್ಜಿ, ಮಿರಮಿರ ವಾರ್ನಿಶ್ ಹೊಡೆದು, ಹೊಸದರಂಗೆ ಮಾಡಿಕೊಡ್ತೀನಿ ಯಜಮಾನ್ರೇ" ಎಂದ ಬಡಗಿ. ಕೆನ್ನೆ ತಾಗಿ ತಾಗಿ ನುಣುಪಾದ ಜಾಗವನ್ನು ದೊಡ್ಡಪ್ಪ ಹೆಬ್ಬೆರಳಲ್ಲಿ ಸವರಿ, "ಹೊಸದು ಬೇಕಾಗಿದ್ರೆ ಹೊಸದನ್ನೇ ತಗೊಂತಿದ್ನಲ್ಲಪ್ಪ. ಬಂದಿದ್ದೀಯ, ಆ ಕೊಟ್ಟಿಗೆ ಬಾಗ್ಲು ಸರಿ ಮಾಡಿ ಹೋಗು" ಎಂದರು. ಕೊಟ್ಟಿಗೆ ಬಾಗಿಲಿಗೆ ಈಗ ಭರ್ಜರಿ ವಾರ್ನಿಶ್ ಆಗಿದೆ.