ಸತ್ಯಾಂಶ: ಕಂಪ್ಯೂಟರ್ ಇಲ್ಲದೆಯೂ ಅಲ್ಗಾರಿದಮ್ ಕಲಿಸಬಹುದು

‘ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಮಕ್ಕಳಿಗೆ ಅಲ್ಗಾರಿದಮ್ ತಲೆಗೆ ಹತ್ತಲ್ಲ. ಮೂರನೇ ತರಗತಿಯೊಳಗೆ ಕೋಡಿಂಗ್ ಕ್ಲಾಸಿಗೆ ಸೇರಿಸಿ.’ ಕಲಬುರಗಿಯ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ತಪ್ಪು.

ಅಲ್ಗಾರಿದಮ್ ಅಂದರೆ ಒಂದು ಕೆಲಸ ಮುಗಿಸುವ ಹೆಜ್ಜೆಗಳ ಸಾಲು, ಅಷ್ಟೇ. ಈ ಹೆಸರು ಬಂದಿದ್ದು 9ನೇ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿಯಿಂದ. ಆಗ ಕಂಪ್ಯೂಟರೇ ಇರಲಿಲ್ಲ. ನಮ್ಮ ಜೋಳದ ರೊಟ್ಟಿಯನ್ನೇ ನೋಡಿ. ಹಿಟ್ಟು ನಾದಬೇಕು, ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ಆಮೇಲೆ ತಿರುವಬೇಕು. ಹೆಜ್ಜೆ ಅದಲುಬದಲಾದರೆ ರೊಟ್ಟಿ ಕೆಡುತ್ತದೆ.

ತರಗತಿಯಲ್ಲಿ ಈ ಆಟ ಆಡಿಸಿ. 1ರಿಂದ 100ರೊಳಗಿನ ಒಂದು ಸಂಖ್ಯೆ ನೆನೆಯಿರಿ. ಮಕ್ಕಳು ಊಹಿಸಲಿ, ನೀವು ‘ಜಾಸ್ತಿ’ ಅಥವಾ ‘ಕಮ್ಮಿ’ ಎಂದಷ್ಟೇ ಹೇಳಿ. ಒಂದರಿಂದ ಸುಮ್ನೆ ಸಾಲಾಗಿ ಕೇಳಿದರೆ 100 ಸಲವೂ ಆಗಬಹುದು. ಪ್ರತಿ ಸಲ ಇನ್ನೂ ಉಳಿದಿರುವ ಸಂಖ್ಯೆಗಳ ನಡುವಿನ ಸಂಖ್ಯೆ ಕೇಳಿದರೆ ಹೆಚ್ಚೆಂದರೆ 7 ಊಹೆ ಸಾಕು! ಇದೇ ಬೈನರಿ ಸರ್ಚ್. ಮಕ್ಕಳೇ ಇದನ್ನು ಕಂಡುಕೊಳ್ಳುವ ಗಳಿಗೆ ಎಷ್ಟು ಚೆಂದ ಅಲ್ವಾ?

ನ್ಯೂಜಿಲೆಂಡಿನ ಕಂಪ್ಯೂಟರ್ ವಿಜ್ಞಾನಿ ಟಿಮ್ ಬೆಲ್ ಮತ್ತು ಸಂಗಡಿಗರು ಇಂಥ ಆಟಗಳನ್ನು 1990ರ ದಶಕದಿಂದಲೇ ಬೆಳೆಸಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗ್ ಚಟುವಟಿಕೆಗಳನ್ನು ಹೇಳಿರುವುದು 6ರಿಂದ 8ನೇ ತರಗತಿಯ ಹಂತಕ್ಕೆ. ಮೂರನೇ ತರಗತಿಗೇ ತಡವಾಯಿತು ಎಂಬ ಭಯ ಬೇಡ.