ನನಗೆ ಬಹಳ ಬೇಕಾದವರು

ನಾಯಕರಿಗೆ ಗೆಳೆಯನನ್ನು ಪರಿಚಯಿಸುವ ಪತ್ರಕ್ಕೆ ಮೂರು ಪ್ಯಾರಾ ಸಾಕು. ಮೊದಲನೆಯದು ನಾಯಕರ ಬಗ್ಗೆ. ಎರಡನೆಯದು ನಾಯಕರಿಗೂ ನಿಮಗೂ ಇರುವ ಒಡನಾಟದ ಬಗ್ಗೆ. ಮೂರನೆಯದರಲ್ಲಿ ಜಾಗ ಉಳಿದರೆ ಗೆಳೆಯನ ಹೆಸರು. ಅವನಿಗೆ ಯಾವ ಕೆಲಸ ಬರುತ್ತದೆ ಎಂದು ಮಾತ್ರ ಬರೆಯಕೂಡದು, ಅದನ್ನೇ ಕೊಟ್ಟುಬಿಟ್ಟಾರು.

ಪತ್ರ ಓದುವವರು ಆಪ್ತ ಸಹಾಯಕರು. 'ಪ್ರಾಮಾಣಿಕ, ಸಜ್ಜನ, ನಂಬಿಕಸ್ಥ' ಎಂಬಲ್ಲಿಗೆ ಅವರು ಹಾಳೆ ಮಡಚುತ್ತಾರೆ. ಬೆಳಿಗ್ಗೆಯಿಂದ ಬಂದವರೆಲ್ಲ ಸಜ್ಜನರೇ. ಒಂದೇ ಒಂದು ನಿಜ ಸಂಗತಿ ಬರೆದರೆ ಪತ್ರ ಗಮನಕ್ಕೆ ಬರುತ್ತದೆ: 'ಸುಳ್ಳು ಬಿಲ್ಲಿಗೆ ಸಹಿ ಹಾಕದೆ ನೌಕರಿ ಬಿಟ್ಟವನು' ಅಂತ. ಅದು ಶಿಫಾರಸೋ ಚಾಡಿಯೋ ಎಂಬುದು ಓದುವ ನಾಯಕರಿಗೆ ಬಿಟ್ಟದ್ದು. ಹಿಂದೆಯೇ ಒಂದು ಫೋನೂ ಹೋಗಬೇಕು. ಹೋಗದಿದ್ದರೆ, ಈ ಕೆಲಸ ಆಗದಿದ್ದರೂ ಬರೆದವರಿಗೆ ಬೇಜಾರಿಲ್ಲ ಎಂದೇ ಅರ್ಥ.

ಈ ಕಸುಬಿನ ಹಿರಿಯ ಪ್ರಾಚೀನ ರೋಮಿನ ವಾಗ್ಮಿ ಸಿಸಿರೊ. ಕ್ರಿ.ಪೂ. 54ರಲ್ಲಿ ಟ್ರೆಬೇಷಿಯಸ್ ಎಂಬ ಕಾನೂನು ಬಲ್ಲ ಗೆಳೆಯನನ್ನು ಈಗಿನ ಫ್ರಾನ್ಸ್ ಕಡೆಯ ಗಾಲ್‌ನಲ್ಲಿದ್ದ ಸೇನಾಪತಿ ಸೀಸರನ ಕೈಗೊಪ್ಪಿಸಿ ಪತ್ರ ಬರೆದ. ಹಿಂದೊಮ್ಮೆ ಮೈಲೋ ಎಂಬ ಇನ್ನೊಬ್ಬ ಗೆಳೆಯನ ಬಗ್ಗೆ ಬರೆದಾಗ ತನ್ನ ಸವಕಲು ಮಾತಿಗೆ ಸೀಸರ್ ನಕ್ಕಿದ್ದನ್ನು ತಾನೇ ನೆನಪಿಸಿ, ಈ ಸಲ ಆ ಮಾತು ಬಿಟ್ಟೆನೆಂದ. ಇಂಥ ಹುದ್ದೆಯೇ ಬೇಕೆಂದು ಕೇಳಲೂ ಇಲ್ಲ. ಗುಟ್ಟಿರುವುದು ಇಲ್ಲೇ: ಹುದ್ದೆ ಹೆಸರಿಸಿದರೆ ಇಲ್ಲವೆನ್ನುವುದು ಸುಲಭ, 'ತಮ್ಮ ಕೃಪೆಯಿರಲಿ' ಎಂದರೆ ಏನನ್ನು ನಿರಾಕರಿಸುವುದು? ಬಂದದ್ದು ಸೇನೆಯ ಟ್ರಿಬ್ಯೂನ್, ಅಂದರೆ ಮೇಲಧಿಕಾರಿಯ ಪದವಿ. ಸವಲತ್ತು ಪೂರಾ, ಸೈನಿಕನ ದುಡಿಮೆ ಮಾಫಿ. ಪುಣ್ಯಾತ್ಮ ಬೇಡವೆಂದ! ಇಂಥ ತಳಿ ಈಗ ಉಳಿದಿಲ್ಲ. ಆಮೇಲೆ ಸಿಸಿರೊ ಅವನನ್ನೇ ಛೇಡಿಸಿದ: ನೀನು ಒಯ್ದದ್ದು ಪತ್ರವಲ್ಲ, ತೋರಿಸಿ ಹಣ ಪಡೆಯುವ ಹುಂಡಿ ಚೀಟಿ ಎಂಬಂತೆ, ದುಡ್ಡು ಪಡೆದು ಮನೆಗೆ ಓಡಲು ನೋಡಿದೆಯಲ್ಲ.

1777ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕದ ಪ್ರತಿನಿಧಿ ಬೆಂಜಮಿನ್ ಫ್ರಾಂಕ್ಲಿನ್, ಪತ್ರ ಕೇಳಿ ಬರುವವರ ಕಾಟಕ್ಕೆ ಗುರುತಿಲ್ಲದವರಿಗೆಂದೇ ಒಂದು ಮಾದರಿ ಬರೆದಿಟ್ಟ. ಇವರ ಹೆಸರೂ ನನಗೆ ಗೊತ್ತಿಲ್ಲ, ಗುಣ ತಿಳಿಯಬೇಕೆಂದರೆ ಇವರನ್ನೇ ಕೇಳಿ ಎಂಬುದು ಅದರ ಸಾರ. ಅಷ್ಟು ಸತ್ಯ ಹೇಳುವ ಶಿಫಾರಸು ಮತ್ತೆ ಯಾರ ಲೆಟರ್‌ಹೆಡ್ಡಿನಲ್ಲೂ ಬಂದಂತಿಲ್ಲ.

ಒಂದೇ ಹುದ್ದೆಗೆ ನಾಲ್ವರಿಗೆ ಪತ್ರ ಕೊಡುವ ಧಾರಾಳಿಗಳು ತಾರೀಕನ್ನಾದರೂ ಬದಲಿಸಬೇಕು. ನಾಲ್ವರೂ ಕಾಯುವ ಬೆಂಚಿನ ಮೇಲೆ ಪತ್ರ ಬಿಚ್ಚಿ ನೋಡಿಕೊಂಡರೆ, 'ಬಾಲ್ಯದಿಂದ ಬಲ್ಲೆ, ಪಕ್ಕದ ಮನೆಯವರು' ಎಂಬ ಸಾಲಿಗೆ ನಿಮ್ಮ ಮನೆಗೆ ನಾಲ್ಕು ಪಕ್ಕ ಬೇಕಾಗುತ್ತದೆ. ಲಕೋಟೆಗೆ ಗೋಂದು ಹಚ್ಚಿಯೇ ಕೊಡಿ.